ಚೀಲದ ಮೇಲೆ ಯಾರ ಹೆಸರು?

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಗುಡಗೇರಿ ಹುಬ್ಬಳ್ಳಿ–ದಾವಣಗೆರೆ ರೈಲು ಮಾರ್ಗದಲ್ಲಿರುವ ಊರು. ಸುತ್ತಲೂ ಎರೆಭೂಮಿ. ಹತ್ತಿ, ಶೇಂಗಾ, ಉಳ್ಳಾಗಡ್ಡಿಯ ಜೊತೆಗೆ ಮೆಣಸಿನಕಾಯಿ ಈ ಸೀಮೆಯ ಹಳೆಯ ಬೆಳೆ. ಮುಂಗಾರಿನಲ್ಲಿ ನೆಟ್ಟ ಗಿಡದ ಹಣ್ಣುಗಾಯಿ ಚಳಿಗಾಲದಲ್ಲಿ ಕಣಕ್ಕೆ ಬಂದು, ಬಿಸಿಲಿಗೆ ಒಣಗಿ ಸುಕ್ಕುಗಟ್ಟಿ, ಚೀಲ ಸೇರಿ ಪೇಟೆಗೆ ಹೋಗುತ್ತದೆ. ಕೆಲವು ತಿಂಗಳ ನಂತರ ಅದೇ ಬಗೆಯ ಕಾಯಿ ಪುಡಿಯಾಗಿ, ಬಣ್ಣದ ಪೊಟ್ಟಣದಲ್ಲಿ ಅದೇ ಊರಿನ ಕಿರಾಣಿ ಅಂಗಡಿಗೆ ಮರಳುತ್ತದೆ. ಪೊಟ್ಟಣದ ಮೇಲಿರುವುದು ಬೇರೆ ಯಾರದೋ ಹೆಸರು. ಬೆಳೆದವನಿಗೆ ಸಿಕ್ಕಿದ ಬೆಲೆಗೂ ಪೊಟ್ಟಣದ ಬೆಲೆಗೂ ನಡುವಿನ ಅಂತರದಲ್ಲಿ ಬೀಸಿದ ಖರ್ಚು, ಸಾಗಣೆ, ಅಂಗಡಿಯವರ ಲಾಭ ಎಲ್ಲವೂ ಸೇರಿದೆ. ಅವೆಲ್ಲವನ್ನೂ ಕಳೆದ ಮೇಲೂ ಒಂದಿಷ್ಟು ಉಳಿಯುತ್ತದೆ. ಅದು ಹೆಸರಿಗೆ ಸಿಗುವ ಬೆಲೆ.

ವ್ಯಾಪಾರದ ಭಾಷೆಯಲ್ಲಿ ಇದಕ್ಕೆ ಬ್ರ್ಯಾಂಡ್ ಎನ್ನುತ್ತಾರೆ. ಬ್ರ್ಯಾಂಡ್ ಎಂದರೆ ದೊಡ್ಡ ಕಂಪನಿಗಳ ಜಾಹೀರಾತು, ಸಿನಿಮಾ ನಟರ ಚಿತ್ರ ಎಂಬ ಭಾವನೆ ಹಲವರಲ್ಲಿದೆ. ಆದರೆ ಹೆಸರಿನ ಅಗತ್ಯ ದೊಡ್ಡವರಿಗಿಂತ ಸಣ್ಣವರಿಗೇ ಹೆಚ್ಚು. ದೊಡ್ಡ ಬಂಡವಾಳ ಉಳ್ಳವನು ಒಂದು ವರ್ಷದ ನಷ್ಟವನ್ನು ತಾಳಿಕೊಳ್ಳಬಲ್ಲ. ಸಣ್ಣವನಿಗೆ, ಬಂದ ಗಿರಾಕಿ ಎರಡನೆಯ ಸಲವೂ ಬರಬೇಕು. ಹಾಗೆ ಬರುವಂತೆ ಮಾಡುವುದೇ ಹೆಸರು.

<b>ಲೈನ್ ಬಜಾರಿನ ಪಾಠ</b>

ದೂರದ ಉದಾಹರಣೆ ಬೇಕಿಲ್ಲ. ಧಾರವಾಡದ ಪೇಡೆಯೇ ಇದೆ. ಹಾಲು, ಸಕ್ಕರೆ ಇಲ್ಲದ ಊರಿಲ್ಲ, ಖೋವಾ ಕಾಯಿಸಲು ಬಾರದ ಮಿಠಾಯಿಗಾರನೂ ಇಲ್ಲ. ಆದರೂ ಧಾರವಾಡಕ್ಕೆ ಹೋದವರು ಪೇಡೆ ಇಲ್ಲದೆ ಮರಳುವುದಿಲ್ಲ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದು ನೆಲೆಸಿದ ಠಾಕೂರ್ ಮನೆತನ ಈ ಸಿಹಿಯನ್ನು ಇಲ್ಲಿ ಆರಂಭಿಸಿತು. ಬಾಬುಸಿಂಗ್ ಠಾಕೂರರ ಕಾಲದಲ್ಲಿ ಲೈನ್ ಬಜಾರಿನ ಪುಟ್ಟ ಅಂಗಡಿಯ ಹೆಸರು ಊರೂರಿಗೆ ಹರಡಿತು. 1933ರಲ್ಲಿ ಆರಂಭವಾದ ಮಿಶ್ರಾ ಪೇಡೆ ಮುಂದೆ ಅದೇ ಸಿಹಿಯನ್ನು ಹಲವು ನಗರಗಳ ಮಳಿಗೆಗಳಿಗೆ ಒಯ್ದಿತು. ಒಂದು ಮನೆತನ ಒಂದೇ ಅಂಗಡಿಯನ್ನು ನೆಚ್ಚಿತು, ಇನ್ನೊಂದು ಶಾಖೆಗಳನ್ನು ಬೆಳೆಸಿತು. ದಾರಿ ಬೇರೆಯಾದರೂ ಎರಡೂ ಕಡೆ ರುಚಿಯೇ ಗುರುತಾಯಿತು.

ಕಾಲಕ್ರಮದಲ್ಲಿ ಪೇಡೆಯ ಹೆಸರು ಅಂಗಡಿಯನ್ನೂ ಮೀರಿ ಊರಿನ ಸ್ವತ್ತಾಯಿತು. ‘ಧಾರವಾಡ ಪೇಡೆ’ಗೆ ಭೌಗೋಳಿಕ ಗುರುತಿನ ನೋಂದಣಿ ದೊರೆತಿದೆ; ಅದರ ಸಂಖ್ಯೆ 85. ಊರಿನ ಹೆಸರು, ಅಂಗಡಿಯ ಹೆಸರು ಎರಡೂ ಒಂದನ್ನೊಂದು ಹೇಗೆ ಸಾಕುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

<b>ಮಾರದೆ ಉಳಿದ ಗಂಧ</b>

ಕಚ್ಚಾ ಮಾಲನ್ನು ಮಾರುವುದಕ್ಕೂ ಹೆಸರುಳ್ಳ ಮಾಲನ್ನು ಮಾರುವುದಕ್ಕೂ ಇರುವ ವ್ಯತ್ಯಾಸವನ್ನು ಮೈಸೂರು ಸಂಸ್ಥಾನ ನೂರು ವರ್ಷಗಳ ಹಿಂದೆಯೇ ಕಂಡುಕೊಂಡಿತು. ಸಂಸ್ಥಾನದ ಶ್ರೀಗಂಧದ ಮರ ಯುರೋಪಿಗೆ ಹೋಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಆ ವ್ಯಾಪಾರ ನಿಂತು, ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಅದರ ಎಣ್ಣೆಯನ್ನು ಇಲ್ಲಿಯೇ ತೆಗೆಯುವ, ಬಳಿಕ ಅದರಿಂದ ಸಾಬೂನು ಮಾಡುವ ಕೆಲಸಕ್ಕೆ ಕೈ ಹಾಕಲಾಯಿತು. ತಜ್ಞ ಎಸ್.ಜಿ. ಶಾಸ್ತ್ರಿಯವರು ಲಂಡನ್‌ನಲ್ಲಿ ತರಬೇತಿ ಪಡೆದು ಬಂದರು. ಸಾಬೂನಿಗೆ ಅಂಡಾಕಾರ, ಪೆಟ್ಟಿಗೆಗೆ ಆನೆಯ ತಲೆ, ಸಿಂಹದ ಮೈ ಇರುವ ಶರಭದ ಗುರುತು ಬಂದವು. ಓದು ಬಾರದವರೂ ಆ ಗುರುತನ್ನು ನೋಡಿ ‘ಇದೇ ಕೊಡಿ’ ಎಂದು ಕೇಳಬಲ್ಲರು. ಮರವನ್ನಷ್ಟೇ ಮಾರುತ್ತಿದ್ದರೆ ಮೈಸೂರಿನ ಹೆಸರು ಸ್ನಾನದ ಮನೆಗಳವರೆಗೆ ಹೋಗುತ್ತಿರಲಿಲ್ಲ.

ಇದು ಸರ್ಕಾರದ ಬಲವಿದ್ದ ಕೆಲಸ ಎನ್ನುವವರು ಲಿಜ್ಜತ್ ಹಪ್ಪಳದ ಕಥೆಯನ್ನು ನೋಡಬೇಕು. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು, ಮಾಳಿಗೆಯ ಮೇಲೆ ಕುಳಿತು ಹಪ್ಪಳ ಲಟ್ಟಿಸಿದರು. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಆರಂಭದಲ್ಲಿ ಉತ್ತಮವಾದದ್ದು, ಅಗ್ಗದ್ದು ಎಂದು ಎರಡು ಬಗೆ ಮಾಡುತ್ತಿದ್ದವರಿಗೆ, ಒಂದೇ ಮಾಡಿ, ಒಳ್ಳೆಯದನ್ನೇ ಮಾಡಿ ಎಂಬ ಹಿರಿಯರ ಬುದ್ಧಿಮಾತು ಸಿಕ್ಕಿತು. ‘ಲಿಜ್ಜತ್’ ಎಂಬ ಹೆಸರು ಬಂದದ್ದು 1962ರಲ್ಲಿ, ತಮ್ಮಲ್ಲೇ ನಡೆಸಿದ ಸ್ಪರ್ಧೆಯಿಂದ. ಗುಜರಾತಿಯಲ್ಲಿ ಅದರ ಅರ್ಥ ರುಚಿ. ಇಂದು ಹತ್ತಾರು ಸಾವಿರ ಮಹಿಳೆಯರು ಆ ಸಂಸ್ಥೆಯ ಸದಸ್ಯರು. ಇಲ್ಲಿ ಗಮನಿಸಬೇಕಾದದ್ದು ಕ್ರಮ: ಮೊದಲು ಗುಣಮಟ್ಟ ನೆಲೆ ನಿಂತಿತು, ಹೆಸರು ಆಮೇಲೆ ಬಂತು.

<b>ಹೆಸರಿದ್ದೂ ಸಾಲದಾದಾಗ</b>

‘ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ’ ಎಂಬ ಗಾದೆಯಂತೆ, ಬರಿಯ ಹೆಸರು ಹೊಟ್ಟೆ ತುಂಬಿಸದು ಎಂಬುದಕ್ಕೂ ಇದೇ ಜಿಲ್ಲೆಯಲ್ಲಿ ಉದಾಹರಣೆಯಿದೆ. ನವಲಗುಂದದ ಜಮಖಾನೆಯ ನವಿಲು, ಹೂವಿನ ವಿನ್ಯಾಸಗಳು ಪ್ರಸಿದ್ಧ. ನೇಯುವವರು ಮಹಿಳೆಯರು. ಕಸುಬಿನ ಗುಟ್ಟು ಹೊರಗೆ ಹೋಗಬಾರದೆಂದು ಹೆಣ್ಣುಮಕ್ಕಳಿಗೆ ಕಲಿಸದೆ ಸೊಸೆಯರಿಗೆ ಕಲಿಸುತ್ತಿದ್ದರಂತೆ. ಇದಕ್ಕೂ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ಕೈಮಗ್ಗದಲ್ಲಿ ದಿನಗಟ್ಟಲೆ ನೇಯ್ದದ್ದಕ್ಕೂ ಯಂತ್ರದ ಅಗ್ಗದ ಹಾಸಿಗೂ ಇರುವ ವ್ಯತ್ಯಾಸವನ್ನು ಕೊಳ್ಳುವವರಿಗೆ ತಿಳಿಸುವ ಏರ್ಪಾಡು ಅಷ್ಟಾಗಿ ಬೆಳೆಯಲಿಲ್ಲ. ನೇಯುವವರ ಸಂಖ್ಯೆ ಇಳಿಯುತ್ತ ಬಂದಿದೆ. ಹೆಸರಿನ ಹಿಂದೆ ಮಾರುವ ವ್ಯವಸ್ಥೆ, ಕೈಗೆ ತಕ್ಕ ಕೂಲಿ ಇರಬೇಕು.

ಬ್ಯಾಡಗಿ ಮೆಣಸಿನಕಾಯಿಯ ಕಥೆಯೂ ಚಿಂತನೆಗೆ ಹಚ್ಚುವಂಥದು. ಖಾರ ಕಡಿಮೆ, ಬಣ್ಣ ಹೆಚ್ಚು – ಇದು ಅದರ ಗುಣ. ಡಬ್ಬಿ, ಕಡ್ಡಿ ಎಂಬ ಎರಡು ಬಗೆಗಳಿಗೆ ಹೆಸರುವಾಸಿ. ಅದರಿಂದ ತೆಗೆದ ಬಣ್ಣದೆಣ್ಣೆ ಆಹಾರ ಪದಾರ್ಥಗಳಿಂದ ಹಿಡಿದು ತುಟಿಬಣ್ಣದವರೆಗೆ ಬಳಕೆಯಾಗುತ್ತದೆ. 2011ರಲ್ಲಿ ಇದಕ್ಕೂ ಭೌಗೋಳಿಕ ಗುರುತು ದೊರೆಯಿತು. ಹೆಸರು ಹಾವೇರಿ ಜಿಲ್ಲೆಯ ಮಾರುಕಟ್ಟೆಯ ಊರಿನದು. ಬೆಳೆಯುವ ಹೊಲಗಳು ಕುಂದಗೋಳದಂಥ ತಾಲ್ಲೂಕುಗಳಲ್ಲಿಯೂ ಇವೆ.

ಇಷ್ಟು ಹೆಸರಿದ್ದರೂ 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಒಮ್ಮೆಲೇ ಕುಸಿದಾಗ ರೈತರ ಸಿಟ್ಟು ಭುಗಿಲೆದ್ದಿತು; ಮಾರುಕಟ್ಟೆ ಸಮಿತಿಯ ಕಚೇರಿ, ವಾಹನಗಳು ಬೆಂಕಿಗೆ ಆಹುತಿಯಾದವು. ಚೀಲ ತಂದವನಿಗೆ ಅಂದಿನ ದರವೇ ದರ. ಹೆಸರು ಮಾಲಿಗಿತ್ತು, ಮಾರುವವನ ಕೈಯಲ್ಲಿರಲಿಲ್ಲ. ರೈತರೆಲ್ಲ ಪುಡಿ ಮಾಡಿ ಮಾರಲಾಗದು, ನಿಜ. ಆದರೆ ಬೆಳೆಯ ಒಂದು ಪಾಲನ್ನಾದರೂ ಊರಿನ ಸ್ವಸಹಾಯ ಸಂಘವೋ ರೈತರ ಕಂಪನಿಯೋ ತನ್ನ ಹೆಸರಿನಲ್ಲಿ ಮಾರಿದರೆ, ಆ ಪಾಲಿಗೆ ದರ ಕಟ್ಟುವ ಮಾತಿನಲ್ಲಿ ಅವರದೂ ಒಂದು ದನಿ ಇರುತ್ತದೆ.

<b>ಹೆಸರು ಕಟ್ಟುವ ಬಗೆ</b>

ಖಾರಪುಡಿ, ಶೇಂಗಾ ಚಟ್ನಿ, ಕಟಕ್ ರೊಟ್ಟಿ – ಉತ್ತರ ಕರ್ನಾಟಕದ ಮನೆಗಳಲ್ಲಿ ಕೈಗುಣಕ್ಕೆ ಕೊರತೆಯಿಲ್ಲ. ಇದನ್ನು ಉದ್ಯೋಗವಾಗಿಸಬೇಕೆನ್ನುವವರು ಕೆಲವು ಸಂಗತಿಗಳನ್ನು ತಿಳಿದಿರಬೇಕು.

ಮೊದಲನೆಯದು, ಹೆಸರಿನ ಆಯ್ಕೆ. ‘ರುಚಿಯಾದ ಖಾರಪುಡಿ’ ಎಂಬಂಥ ಬರಿಯ ವರ್ಣನೆಯನ್ನು, ಅಥವಾ ಮೆಣಸಿನಕಾಯಿಗೆ ‘ಬ್ಯಾಡಗಿ’ ಎಂಬ ಊರಿನ ಹೆಸರನ್ನಷ್ಟೇ, ಒಬ್ಬನೇ ತನ್ನದೆಂದು ನೋಂದಾಯಿಸಿಕೊಳ್ಳಲು ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೆಸರು ಸುಲಭವಾಗಿ ಉಚ್ಚರಿಸುವಂತಿರಬೇಕು, ಬೇರೆಯವರ ಹೆಸರನ್ನು ಹೋಲಬಾರದು. ಹೆಸರಾಂತ ಪೊಟ್ಟಣದ ಬಣ್ಣ, ಅಕ್ಷರಗಳನ್ನು ನಕಲು ಮಾಡಿದರೆ ಮೊದಲ ಮಾರಾಟ ಸುಲಭ. ಬೆಳೆದ ಮೇಲೆ ವ್ಯಾಜ್ಯ ತಪ್ಪದು.

ಎರಡನೆಯದು, ನೋಂದಣಿ. 1999ರ ಟ್ರೇಡ್ ಮಾರ್ಕ್ ಕಾಯ್ದೆ 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ಸರಕು, ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಲಾಗಿದ್ದು, ಮಸಾಲೆ ಪದಾರ್ಥಗಳು 30ನೆಯ ವರ್ಗಕ್ಕೆ ಸೇರುತ್ತವೆ. ಒಮ್ಮೆ ನೋಂದಾಯಿಸಿದರೆ 10 ವರ್ಷ ರಕ್ಷಣೆ. ಬಳಿಕ ನವೀಕರಿಸುತ್ತ ಹೋಗಬಹುದು. 2017ರ ನಿಯಮಗಳು ವ್ಯಕ್ತಿಗಳಿಗೆ, ಸಣ್ಣ ಉದ್ದಿಮೆಗಳಿಗೆ ಶುಲ್ಕವನ್ನು ಇತರರಿಗಿಂತ ಅರ್ಧಕ್ಕೆ ಇಳಿಸಿದವು. ವೃತ್ತದೊಳಗಿನ ‘ಆರ್’ ಗುರುತನ್ನು ನೋಂದಣಿಯಾಗುವ ಮೊದಲು ಬಳಸುವಂತಿಲ್ಲ.

ಮೂರನೆಯದು, ಚೀಟಿಯ ಪ್ರಾಮಾಣಿಕತೆ. ಆಹಾರ ಪೊಟ್ಟಣದ ಮೇಲೆ ಒಳಗೇನಿದೆ, ತೂಕವೆಷ್ಟು, ಯಾವಾಗ ತಯಾರಾಯಿತು, ಎಲ್ಲಿಯವರೆಗೆ ಬಳಸಬಹುದು, ತಯಾರಿಸಿದವರು ಯಾರು ಎಂಬುದು ಇರಲೇಬೇಕು. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆಯೂ ಬೇಕು. ಇದನ್ನು ಕಿರಿಕಿರಿ ಎಂದು ಭಾವಿಸದೆ, ಕಾಣದ ಗಿರಾಕಿಗೆ ಬರೆದ ಪತ್ರವೆಂದು ಭಾವಿಸಬೇಕು. ಊರಲ್ಲಿ ಎಲ್ಲರೂ ಪರಿಚಿತರು. ಬೆಂಗಳೂರಿನ ಗಿರಾಕಿಗೆ ಪರಿಚಯ ಮಾಡಿಕೊಡುವುದು ಆ ಚೀಟಿಯೊಂದೇ.

ನಾಲ್ಕನೆಯದು ಮತ್ತು ಎಲ್ಲಕ್ಕಿಂತ ಕಷ್ಟದ್ದು, ಒಂದೇ ಗುಣ ಕಾಪಾಡುವುದು. ಕಾಯಿ ತುಟ್ಟಿಯಾದ ವರ್ಷ ಬಣ್ಣ ಬೆರೆಸುವ ಆಸೆ ಹುಟ್ಟುತ್ತದೆ. ಹತ್ತು ವರ್ಷ ಕಟ್ಟಿದ ಹೆಸರು ಒಂದು ಪೊಟ್ಟಣದಲ್ಲಿ ಹೋಗುತ್ತದೆ. ಹೆಸರು ಬಲವಾದಷ್ಟೂ ಮೋಸದ ಸುದ್ದಿ ಬೇಗ ಹಬ್ಬುತ್ತದೆ.

<b>ಮನೆಯಲ್ಲೇ ಒಂದು ಲೆಕ್ಕ</b>

ವಾಣಿಜ್ಯ ಓದುವ ವಿದ್ಯಾರ್ಥಿಗಳು ಬ್ರ್ಯಾಂಡ್ ಎಂಬ ಅಧ್ಯಾಯವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಅದರ ಬದಲು ಅಡುಗೆಮನೆಯ ಖಾರಪುಡಿಯ ಪೊಟ್ಟಣವೊಂದನ್ನು ಎದುರಿಗಿಟ್ಟುಕೊಂಡು, ಒಂದು ಕಿಲೋ ಪುಡಿಗೆ ಎಷ್ಟು ಕಾಯಿ ಬೇಕು, ಕಾಯಿಯ ಇಂದಿನ ದರವೇನು, ಗಿರಣಿಯ ಖರ್ಚೆಷ್ಟು, ಪೊಟ್ಟಣದ ಬೆಲೆ ಎಷ್ಟು ಎಂದು ಅಪ್ಪ–ಅಮ್ಮನನ್ನು ಕೇಳಿ ಬರೆದುಕೊಂಡರೆ ಪಾಠ ತಾನಾಗಿ ಅರ್ಥವಾಗುತ್ತದೆ. ಗುಡಗೇರಿಯಂಥ ಊರಿನ ತಾಯಿತಂದೆಯರಿಗೆ ಈ ಲೆಕ್ಕದ ಅರ್ಧ ಆಗಲೇ ಗೊತ್ತಿದೆ. ಉಳಿದರ್ಧ ಮಕ್ಕಳ ಪುಸ್ತಕದಲ್ಲಿದೆ.

ಓದಿದ ಮಗ, ಮಗಳು ಪಟ್ಟಣದ ನೌಕರಿಗೇ ಹೋಗಬೇಕೆಂಬ ಹಿರಿಯರ ಹಂಬಲ ಸಹಜವಾದದ್ದು. ಆದರೆ ‘ಹಿತ್ತಲ ಗಿಡ ಮದ್ದಲ್ಲ’ ಎಂದು ಬಿಟ್ಟುಕೊಟ್ಟ ಗಿಡವನ್ನೇ ಬೇರೆಯವರು ಕಿತ್ತು, ಚೀಟಿ ಅಂಟಿಸಿ, ಮರಳಿ ನಮಗೇ ಮಾರುತ್ತಿರುವುದನ್ನೂ ಕಾಣಬೇಕು. ಕಲಿತ ಮಕ್ಕಳಲ್ಲಿ ಒಬ್ಬಿಬ್ಬರಾದರೂ ಆ ಚೀಟಿಯ ಮೇಲೆ ತಮ್ಮೂರಿನ ಹೆಸರು ಬರೆಯುವ ಕೆಲಸಕ್ಕೆ ನಿಂತರೆ, ಅದನ್ನೂ ನೌಕರಿಯಷ್ಟೇ ಗೌರವದಿಂದ ನೋಡುವ ಮನಸ್ಸು ಮನೆಯವರಿಗೆ ಬರಬೇಕು.