ರಿಂಗ್‌ಹಾ ಕಣಿವೆಯ ಮರುಜೋಡಿಸಿದ ಮನೆಗಳು

ಚೀನಾದ ಯುನ್ನಾನ್ ಪ್ರಾಂತ್ಯದ ವಾಯವ್ಯ ಮೂಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 3,200 ಮೀಟರ್ ಎತ್ತರದಲ್ಲಿ ರಿಂಗ್‌ಹಾ ಕಣಿವೆಯಿದೆ. ಬಾರ್ಲಿ ಬೆಳೆದು, ಯಾಕ್ ಸಾಕಿ ಬದುಕುವ ಟಿಬೆಟಿಯನ್ ರೈತರ ಸೀಮೆಯಿದು. ಇವರ ಹಳೆಯ ಮನೆಗಳನ್ನು ಬಿಚ್ಚಿ ತಂದು, ಮತ್ತೆ ಜೋಡಿಸಿ ರೂಪಿಸಿದ ಬನ್ಯನ್ ಟ್ರೀ ವಸತಿತಾಣ ಇಲ್ಲಿ ಆರಂಭವಾದದ್ದು 2005ರಲ್ಲಿ.

ಮನೆಯನ್ನು ಬಿಚ್ಚುವುದು ಸಾಧ್ಯವಾಗುವುದು ಅದನ್ನು ಕಟ್ಟುವ ಕ್ರಮದಿಂದ. ಭಾರವೆಲ್ಲ ಮರದ ಕಂಬ, ಬೋದಿಗೆ, ತೊಲೆಗಳ ಮೇಲಿರುತ್ತದೆ. ಒಂದರ ತುದಿ ಇನ್ನೊಂದರ ರಂಧ್ರದಲ್ಲಿ ಬಿಗಿಯಾಗಿ ಕೂರುವ ಈ ಚೌಕಟ್ಟನ್ನು ಕಳಚಿ ಸಾಗಿಸಬಹುದು. ಗೋಡೆ ಹಾಗಲ್ಲ. ಹಲಗೆಗಳ ನಡುವೆ ಹಸಿ ಮಣ್ಣು ಸುರಿದು, ಮರದ ದಿಮ್ಮಸಿನಿಂದ ಬಡಿಬಡಿದು ಪದರ ಪದರವಾಗಿ ಏರಿಸಿದ್ದು ಅದು. ಬುಡದಲ್ಲಿ ದಪ್ಪ, ಮೇಲೇರಿದಂತೆ ತೆಳು. ಅದನ್ನು ಹೊಸ ಜಾಗದಲ್ಲಿ ಹೊಸದಾಗಿಯೇ ಕಟ್ಟಬೇಕು. ಹಗಲಿನ ಬಿಸಿಲನ್ನು ಹೀರಿಕೊಂಡು ರಾತ್ರಿ ನಿಧಾನವಾಗಿ ಬಿಟ್ಟುಕೊಡುವ ಗುಣ ಈ ಮಣ್ಣಿಗಿದೆ. ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ ಬಹಳ ಕೆಳಗಿಳಿಯುವ ಊರಲ್ಲಿ ಇದೇ ದೊಡ್ಡ ಆಸರೆ.

ಇಂಥ ಮನೆಯ ಕೆಳ ಅಂತಸ್ತು ವಾಡಿಕೆಯಂತೆ ದನಕರುಗಳ ಕೊಟ್ಟಿಗೆ, ಮೇಲಿನದು ಮನೆಮಂದಿಯದು, ಅಟ್ಟ ಹುಲ್ಲಿಗೆ. ಮೇಲೆ ನಡುಕೋಣೆಯಲ್ಲಿ ಒಲೆ, ಅದರ ಸಮೀಪ ಇಡೀ ಮನೆಯಲ್ಲೇ ದಪ್ಪನಾದ ಕಂಬ, ಒಂದು ಬದಿಗೆ ಬುದ್ಧನ ಪೂಜಾಕೋಣೆ. ಅತಿಥಿಗೃಹವಾದಾಗ ಮೊದಲು ಮಾಯವಾಗುವುದು ಕೊಟ್ಟಿಗೆ. ಮನೆಯನ್ನು ಬೆಚ್ಚಗಿಡುತ್ತಿದ್ದ ದನಗಳ ಮೈಶಾಖವೂ ಅದರೊಂದಿಗೆ ಹೋಗುತ್ತದೆ. ಆದರೂ ಕೆತ್ತನೆಯ ಕಿಟಕಿಗಳು ಮತ್ತು ಹೊಗೆಗೆ ಕಪ್ಪಾದ ತೊಲೆಗಳು ಉಳಿದರೆ ಅದು ಸಣ್ಣ ಲಾಭವಲ್ಲ.

ಹಳೆಯ ಮರಕ್ಕೆ ಇಲ್ಲಿ ವಿಶೇಷ ಬೆಲೆಯಿದೆ. 1998ರಲ್ಲಿ ಯಾಂಗ್‌ಟ್ಸಿ ನದಿಯ ಭೀಕರ ಪ್ರವಾಹದ ಬಳಿಕ ಚೀನಾ ಸರ್ಕಾರ ಆ ನದಿಯ ಮೇಲ್ಭಾಗದ ಸಹಜ ಕಾಡುಗಳಲ್ಲಿ ಮರ ಕಡಿಯುವುದನ್ನು ನಿಷೇಧಿಸಿತು. ಮರದ ವ್ಯಾಪಾರವನ್ನೇ ನೆಚ್ಚಿದ್ದ ಈ ಪ್ರದೇಶ ಪ್ರವಾಸೋದ್ಯಮದತ್ತ ಹೊರಳಿತು. ಜೋಂಗ್‌ಡಿಯನ್ ಎಂಬ ಹೆಸರನ್ನು ಕೈಬಿಟ್ಟು, ಜೇಮ್ಸ್ ಹಿಲ್ಟನ್‌ನ 1933ರ ಕಾದಂಬರಿಯಲ್ಲಿ ಬರುವ ಶಾಂಗ್ರಿ-ಲಾ ಎಂಬ ಕಲ್ಪಿತ ತಾಣದ ಹೆಸರನ್ನು 2001ರಲ್ಲಿ ಇಟ್ಟುಕೊಂಡಿತು. ಹೆಸರು ಎರವಲಿನದಾದರೂ ಮನೆಗಳು ಇಲ್ಲಿಯವೇ. 2014ರ ಜನವರಿಯಲ್ಲಿ ಬೆಂಕಿ ಬಿದ್ದು ಶಾಂಗ್ರಿ-ಲಾದ ದುಕೆಜೊಂಗ್ ಹಳೆಪೇಟೆಯ ನೂರಾರು ಮರದ ಮನೆಗಳು ಸುಟ್ಟುಹೋದ ಮೇಲಂತೂ ಉಳಿದವುಗಳ ಬೆಲೆ ಇನ್ನಷ್ಟು ಅರಿವಾಗಬೇಕು.

ಈ ಎತ್ತರದಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಕರಾವಳಿಯಲ್ಲಿ ಸಿಗುವುದರ ಮೂರನೇ ಎರಡು ಪಾಲು ಮಾತ್ರ. ನೀರು ಸುಮಾರು 89 ಡಿಗ್ರಿಗೇ ಕುದಿಯುತ್ತದೆ. ತಲೆನೋವು, ನಿದ್ದೆಗೇಡು ಮೊದಲೆರಡು ದಿನ ಸಾಮಾನ್ಯ. ಉಪ್ಪು, ಬೆಣ್ಣೆ ಕಡೆದ ಚಹಾ ಮತ್ತು ಹುರಿದ ಬಾರ್ಲಿಹಿಟ್ಟಿನ ತ್ಸಂಪಾ ಸ್ಥಳೀಯರ ನಿತ್ಯದ ಆಹಾರ. ಮೈ ಒಗ್ಗಿದ ಮೇಲೆ, 1679ರಲ್ಲಿ ಐದನೆಯ ದಲೈ ಲಾಮಾ ಕಾಲದಲ್ಲಿ ಸ್ಥಾಪನೆಯಾದ ಸೊಂಗ್‌ಜಾನ್‌ಲಿನ್ ಮಠವನ್ನು ನೋಡಬಹುದು.

ಲಿಜಿಯಾಂಗ್‌ನಿಂದ ಶಾಂಗ್ರಿ-ಲಾಗೆ 2023ರ ನವೆಂಬರ್‌ನಿಂದ ರೈಲು ಓಡುತ್ತಿದೆ. ಊರು ಯುನ್ನಾನ್‌ಗೆ ಸೇರಿರುವುದರಿಂದ, ಲ್ಹಾಸಾಕ್ಕೆ ಹೋಗುವ ವಿದೇಶಿಯರಿಗೆ ಬೇಕಾಗುವ ಟಿಬೆಟ್ ಪ್ರವೇಶ ಪರವಾನಗಿ ಇಲ್ಲಿಗೆ ಬೇಕಿಲ್ಲ.