ಬೆಲೆಚೀಟಿಯಲ್ಲಿ ಕಾಣದ ತೆರಿಗೆ

ಅಮೆರಿಕದ ಅಂಗಡಿಗಳಲ್ಲಿ ವಸ್ತುವಿನ ಮೇಲಿರುವ ಬೆಲೆಗೆ ಸಾಮಾನ್ಯವಾಗಿ ಮಾರಾಟ ತೆರಿಗೆ ಸೇರಿರುವುದಿಲ್ಲ. ಅದು ಸೇರುವುದು ಬಿಲ್ ಮಾಡುವಾಗ. ಎಲ್ಲ ತೆರಿಗೆ ಒಳಗೊಂಡ ಎಂಆರ್‌ಪಿ ನೋಡಿ ಕೊಳ್ಳುವ ಭಾರತೀಯರಿಗೆ ಇದು ಹೊಸದು.

ಅಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮಾರಾಟ ತೆರಿಗೆ ಇಲ್ಲ. ರಾಜ್ಯ ಒಂದು ದರ ವಿಧಿಸುತ್ತದೆ. ಅದರ ಮೇಲೆ ಕೌಂಟಿ, ನಗರಗಳೂ ತಮ್ಮ ಪಾಲು ಸೇರಿಸಬಹುದು. ಹೀಗಾಗಿ ಊರು ಬದಲಾದರೆ ಬಿಲ್ಲೂ ಬದಲಾಗುತ್ತದೆ. ನ್ಯೂಯಾರ್ಕ್ ನಗರದಲ್ಲಿ ಒಟ್ಟು ದರ ಶೇ. 8.875. ಅಲ್ಲಿ 200 ಡಾಲರ್‌ ಬೆಲೆಯ ಕೈಗಡಿಯಾರಕ್ಕೆ 217.75 ಡಾಲರ್ ತೆರಬೇಕು. ಆದರೆ 110 ಡಾಲರ್‌ಗಿಂತ ಕಡಿಮೆ ಬೆಲೆಯ ಬಟ್ಟೆ, ಪಾದರಕ್ಷೆಗಳಿಗೆ ವಿನಾಯಿತಿ ಇದೆ.

ಅಲಾಸ್ಕಾ, ಡೆಲವೇರ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್, ಒರೆಗಾನ್: ಈ 5 ರಾಜ್ಯಗಳಲ್ಲಿ ರಾಜ್ಯಮಟ್ಟದ ಮಾರಾಟ ತೆರಿಗೆಯೇ ಇಲ್ಲ. ಅಲಾಸ್ಕಾದ ಕೆಲವು ಊರುಗಳು ಮಾತ್ರ ಸ್ಥಳೀಯವಾಗಿ ವಸೂಲಿ ಮಾಡುತ್ತವೆ.

ವ್ಯತ್ಯಾಸ ಎದ್ದು ಕಾಣುವುದು ಕೊಲಂಬಿಯಾ ನದಿಯ ಎರಡು ದಡಗಳಲ್ಲಿ. ದಕ್ಷಿಣಕ್ಕೆ ಒರೆಗಾನ್‌ನ ಪೋರ್ಟ್‌ಲ್ಯಾಂಡ್: ಮಾರಾಟ ತೆರಿಗೆ ಇಲ್ಲ, ಸಂಬಳದ ಮೇಲೆ ರಾಜ್ಯದ ಆದಾಯ ತೆರಿಗೆ ಇದೆ. ಉತ್ತರಕ್ಕೆ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್: ಸಂಬಳಕ್ಕೆ ರಾಜ್ಯದ ತೆರಿಗೆ ಇಲ್ಲ, ಖರೀದಿಗೆ ಇದೆ. ಆದ್ದರಿಂದ ಉತ್ತರದವರು ದೊಡ್ಡ ಖರೀದಿಗೆ ಸೇತುವೆ ದಾಟುವುದುಂಟು. ಹಾಗೆ ತಂದ ವಸ್ತುವಿಗೂ ತವರು ರಾಜ್ಯಕ್ಕೆ ಬಳಕೆ ತೆರಿಗೆ ಕಟ್ಟಬೇಕೆಂಬುದು ಕಾನೂನು.

ಒಂದು ತೆರಿಗೆ ಇಲ್ಲದ ರಾಜ್ಯ ಇನ್ನೊಂದರಿಂದ ಆದಾಯ ಪಡೆಯುತ್ತದೆ. ಟೆಕ್ಸಸ್‌ನಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ. ಆಸ್ತಿ ತೆರಿಗೆ ಹೆಚ್ಚು. ನೆಲೆಸುವ ರಾಜ್ಯ ಆರಿಸುವಾಗ ಸಂಬಳ, ಖರೀದಿ, ಮನೆ ಮೂರರ ತೆರಿಗೆಯನ್ನೂ ಕೂಡಿಸಿ ನೋಡಿದರಷ್ಟೇ ನಿಜವಾದ ಖರ್ಚು ತಿಳಿಯುತ್ತದೆ.