ತಕ್ಕಡಿ ಮತ್ತು ತುತ್ತು

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ನಿತ್ಯವೂ ಬಸ್ಸಿನಲ್ಲಿ ಬರುವ ನನ್ನ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ತರಗತಿಯಲ್ಲಿ ತಲೆಸುತ್ತಿ ಬಿದ್ದಳು. ಮೈ ಇಳಿಸುವ ಹಟದಿಂದ ಎರಡು ದಿನ ರೊಟ್ಟಿಯನ್ನೇ ಮುಟ್ಟಿರಲಿಲ್ಲವಂತೆ. ಹಿಂದೊಮ್ಮೆ ಆಕೆಯ ಮೈಕಟ್ಟನ್ನು ಕುರಿತು ವಿನೋದವಾಡಿದವನು ನಾನೇ.

ಅಂದು ನಾನು ಹೇಳುತ್ತಿದ್ದ ಪಾಠ ಆಯ್ದಕ್ಕಿ ಲಕ್ಕಮ್ಮನದು. 12ನೆಯ ಶತಮಾನದಲ್ಲಿ, ಇದೇ ಕಲ್ಯಾಣದಲ್ಲಿ, ಗಂಡ ಮಾರಯ್ಯ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಹೇಳಿದವಳೆಂದು ಆಕೆಯ ಕಥೆಯುಂಟು. ಅತಿಯನ್ನು ಬೇಡವೆಂದವಳು ಊಟವನ್ನು ಬೇಡವೆನ್ನಲಿಲ್ಲ; ಅಗತ್ಯವೇ ಆಕೆಯ ಅಳತೆ.

ಇಂದಿನ ಅಳತೆ ಬೇರೆ: ಕಿಲೋಗ್ರಾಂ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ. ಅದು 25 ಮುಟ್ಟಿದರೆ ಅಧಿಕ ತೂಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಮತ. ಏಷ್ಯದವರಿಗೆ 23ರಿಂದಲೇ ಎಚ್ಚರಿಕೆ. ಎಚ್ಚರಿಕೆ ಹುಸಿಯಲ್ಲ, ಬೊಜ್ಜು ಮಧುಮೇಹಕ್ಕೆ ದಾರಿ. ಆದರೆ ಅಂಕಿಯೇ ಎಲ್ಲವೂ ಅಲ್ಲ. ಪುಣೆಯ ವೈದ್ಯ ಯಾಜ್ಞಿಕರೂ ಲಂಡನ್ನಿನ ಯಡ್ಕಿನ್ನರೂ ತಮ್ಮನ್ನೇ ಅಳೆದುಕೊಂಡು 2004ರಲ್ಲಿ ಪ್ರಕಟಿಸಿದರು: ಇಬ್ಬರ ಅಂಕಿಯೂ 22.3, ಮೈಯ ಕೊಬ್ಬು ಮಾತ್ರ ಯಾಜ್ಞಿಕರಲ್ಲಿ ಶೇಕಡ 21.2, ಯಡ್ಕಿನ್ನರಲ್ಲಿ 9.1.

ತಕ್ಕಡಿಗೇ ಕಾಣದ ಒಳಗು ನನ್ನ ಕಣ್ಣಿಗೆ ಕಂಡೀತೆ? ಆ ಹುಡುಗಿಯ ಕ್ಷಮೆ ಕೇಳಿದೆ. ಉಪವಾಸ ಬಿಟ್ಟು ವೈದ್ಯರನ್ನು ಕಾಣೆಂದೆ. ಅವಳು ಮಾತಾಡಲಿಲ್ಲ. ಮರುದಿನ ಗೆಳತಿಯರ ನಡುವೆ ಕುಳಿತು ಬುತ್ತಿ ಬಿಚ್ಚಿದ್ದನ್ನು ದೂರದಿಂದಲೇ ಕಂಡೆ.